ನಾಗವಲ್ಲಿಗೆ ನಾಟಕವೇ ಮದ್ದು

ಬೀಗ ಹಾಕಿದ ಕೋಣೆ, ಗೋಡೆಯ ಮೇಲೆ ನರ್ತಕಿಯ ಚಿತ್ರಪಟ, ನಡುರಾತ್ರಿ ಗೆಜ್ಜೆಯ ಸದ್ದು... ‘ಆಪ್ತಮಿತ್ರ’ದ ದೆವ್ವವನ್ನು ಕೊನೆಗೆ ಬಿಡಿಸಿದ್ದು ಒಂದು ಟ್ರಿಕ್ ಸೀನು. ಅಂಥ ಸೀನಿನ ಗುಟ್ಟು ಬನಶಂಕರಿ ಜಾತ್ರೆಯ ನಾಟಕದ ಟೆಂಟುಗಳಿಗೆ ಬಹಳ ಹಿಂದೆಯೇ ಗೊತ್ತಿತ್ತು.

ಬನದ ಹುಣ್ಣಿಮೆಯ ದಿನ ತೇರು ಎಳೆದರೆಂದರೆ ಚೊಳಚಗುಡ್ಡಕ್ಕೆ ನಿದ್ದೆ ಇಲ್ಲ. ಬಾದಾಮಿಯಿಂದ ಐದು ಕಿಲೋಮೀಟರು ದೂರದ ಈ ಊರು ವರ್ಷದ ಹನ್ನೊಂದು ತಿಂಗಳು ತನ್ನ ಪಾಡಿಗೆ ತಾನು ಇರುತ್ತದೆ. ಪುಷ್ಯ ಮಾಸದ ಹುಣ್ಣಿಮೆ ಬಂತೆಂದರೆ ಬನಶಂಕರಿಯ ಗುಡಿಯ ಸುತ್ತ ಇನ್ನೊಂದು ಊರೇ ಎದ್ದು ನಿಲ್ಲುತ್ತದೆ. ಬಳೆ, ಕುಂಕುಮ, ಬೆಂಡು ಬತ್ತಾಸು, ಇಳಕಲ್ಲ ಸೀರೆ, ದನದ ಸಂತೆ. ಬುಟ್ಟಿಯಲ್ಲಿ ಜೋಳದ ರೊಟ್ಟಿ, ಗಟ್ಟಿ ಮೊಸರು, ಕೆಂಪು ಚಟ್ನಿ ಹೊತ್ತು ಬರುವ ಹೆಣ್ಣುಮಕ್ಕಳು. ಇವೆಲ್ಲದರ ನಡುವೆ ತಗಡಿನ ಗೋಡೆ, ತಾಡಪತ್ರಿಯ ಮಾಡು, ಬಣ್ಣದ ದೀಪದ ಸಾಲು ಹೊತ್ತು ನಿಂತ ನಾಟಕ ಕಂಪನಿಗಳು.

ಕರ್ನಾಟಕದಲ್ಲಿ ವೃತ್ತಿ ನಾಟಕ ಕಂಪನಿಗಳು ಇಷ್ಟೊಂದು ಸಂಖ್ಯೆಯಲ್ಲಿ ಒಂದೇ ಕಡೆ ಡೇರೆ ಹಾಕುವ ಜಾತ್ರೆ ಇನ್ನೊಂದಿಲ್ಲ. ವರ್ಷವಿಡೀ ಅಲ್ಲಿ ಇಲ್ಲಿ ಕ್ಯಾಂಪು ಮಾಡಿ ಸಾಲ ಹೊತ್ತ ಮಾಲೀಕನಿಗೆ ಇದು ಸುಗ್ಗಿಯ ಕಾಲ. ಒಂದು ರಾತ್ರಿಗೆ ಎರಡು ಆಟ, ಮೂರು ಆಟ. ಒಂದು ಟೆಂಟಿನ ಹಾಸ್ಯಕ್ಕೆ ಬಿದ್ದ ಚಪ್ಪಾಳೆ ಪಕ್ಕದ ಟೆಂಟಿನ ಕರುಣ ರಸದಲ್ಲಿ ಬೆರೆಯುತ್ತದೆ. ಬೆಳಗಿನ ಜಾವ ಕೊನೆಯ ಆಟ ಬಿಟ್ಟಾಗ ಕಂಬಳಿ ಹೊದ್ದ ಜನ ಗುಂಪು ಗುಂಪಾಗಿ ಊರಿನ ದಾರಿ ಹಿಡಿಯುತ್ತಾರೆ. ರಂಗದ ಮೇಲೆ ಕತ್ತಿಯೇಟಿಗೆ ಬಿದ್ದವನು ಅಷ್ಟು ಹೊತ್ತಿಗೆ ಬಣ್ಣ ಅಳಿಸಿಕೊಂಡು ಚಹಾ ಕುಡಿಯುತ್ತಿರುತ್ತಾನೆ. ಅದು ನೋಡಿದವರಿಗೂ ಗೊತ್ತು. ಆದರೂ ದಾರಿಯ ಹುಣಸೆ ಮರದ ಹತ್ತಿರ ಹೆಜ್ಜೆ ಸ್ವಲ್ಪ ಜೋರಾಗುತ್ತದೆ!

ಸುಳ್ಳೆಂದು ಗೊತ್ತಿದ್ದೂ ನಂಬುವ, ನಂಬಿದ ಮೇಲೆ ಹಗುರಾಗುವ ಈ ಮನಸ್ಸನ್ನು ಅರ್ಥ ಮಾಡಿಕೊಂಡರೆ ಕನ್ನಡ ಚಿತ್ರರಂಗದ ಅತಿ ಜನಪ್ರಿಯ ದೆವ್ವದ ಕಥೆಯ ಬೀಗವೂ ತೆರೆಯುತ್ತದೆ.

ಬೀಗದ ಕೋಣೆ

2004ರ ಆಗಸ್ಟ್ 27ರಂದು ‘ಆಪ್ತಮಿತ್ರ’ ತೆರೆ ಕಂಡಿತು. ನಿರ್ಮಾಪಕ ದ್ವಾರಕೀಶ್, ನಿರ್ದೇಶಕ ಪಿ. ವಾಸು, ಸಂಗೀತ ಗುರುಕಿರಣ್. ಮನೋವೈದ್ಯ ವಿಜಯ್ ಆಗಿ ವಿಷ್ಣುವರ್ಧನ್, ಆತನ ಗೆಳೆಯನಾಗಿ ರಮೇಶ್ ಅರವಿಂದ್, ಗೆಳೆಯನ ಹೆಂಡತಿ ಗಂಗಾ ಆಗಿ ಸೌಂದರ್ಯ. ಕಥೆ ಈಗ ಮನೆಮಾತು. ದಂಪತಿಗಳು ಹಳೆಯ ಅರಮನೆಯೊಂದಕ್ಕೆ ವಾಸಕ್ಕೆ ಬರುತ್ತಾರೆ. ಅಲ್ಲೊಂದು ಮುಚ್ಚಿದ ಕೋಣೆ. ಹಿಂದೊಮ್ಮೆ ರಾಜನೊಬ್ಬ ನಾಗವಲ್ಲಿ ಎಂಬ ತೆಲುಗು ನರ್ತಕಿಯನ್ನು ಬಯಸಿ ತಂದ. ಅವಳ ಮನಸ್ಸು ಇನ್ನೊಬ್ಬ ನರ್ತಕನ ಮೇಲಿತ್ತು. ರಾಜ ಇಬ್ಬರನ್ನೂ ಕೊಲ್ಲಿಸಿದ. ಅಂದಿನಿಂದ ಆ ಕೋಣೆಯಲ್ಲಿ ಅವಳಿದ್ದಾಳೆಂದು ಪ್ರತೀತಿ. ಬೇಡವೆಂದರೂ ಗಂಗಾ ಬೀಗ ತೆಗೆಸುತ್ತಾಳೆ. ಮುಂದಿನದು ಗೆಜ್ಜೆಯ ಸದ್ದು, ತೆಲುಗು ಹಾಡು, ಒಂದೇ ಕೈಯಲ್ಲಿ ಮಂಚ ಎತ್ತುವ ಆ ದೃಶ್ಯ. ಚಿತ್ರಮಂದಿರದಲ್ಲಿ ಮಕ್ಕಳು ಅಮ್ಮನ ಸೆರಗು ಹುಡುಕಿದ್ದು ಅಲ್ಲಿಯೇ.

ಪಶ್ಚಿಮದ ಸಾಹಿತ್ಯದಲ್ಲಿ ಈ ಬಗೆಯ ಕಥೆಗೆ ‘ಗಾಥಿಕ್’ ಎಂಬ ಹೆಸರಿದೆ. ಇಂಗ್ಲೆಂಡಿನ ಹೊರೇಸ್ ವಾಲ್‌ಪೋಲ್ 1764ರಲ್ಲಿ ‘ದಿ ಕ್ಯಾಸಲ್ ಆಫ್ ಒಟ್ರಾಂಟೊ’ ಬರೆದು ಇದಕ್ಕೆ ನಾಂದಿ ಹಾಡಿದ. ಪಾಳು ಬಿದ್ದ ಕೋಟೆ, ಹಿಂದಿನವರ ಪಾಪ, ಜೀವ ತಳೆಯುವ ಚಿತ್ರಪಟ, ಓಡಿಹೋಗಲು ದಾರಿ ಕಾಣದ ಹೆಣ್ಣು ಅದರ ಸಾಮಾನು ಸರಂಜಾಮು. ನಾಗವಲ್ಲಿಯ ಅರಮನೆಯಲ್ಲಿ ಇವೆಲ್ಲವೂ ಇವೆ. ಆದರೆ ಈ ಕಥೆ ಇಂಗ್ಲೆಂಡಿನಿಂದ ಬಂದದ್ದಲ್ಲ, ನೆರೆಯ ಕೇರಳದಿಂದ.

ಅಲ್ಲಿನ ಆಲಪ್ಪುಳ ಜಿಲ್ಲೆಯ ಮುಟ್ಟಂನಲ್ಲಿ ಆಲುಮ್ಮೂಟ್ಟಿಲ್ ಎಂಬ ಹಳೆಯ ತರವಾಡು ಮನೆಯಿದೆ. ಆ ಮನೆತನದಲ್ಲಿ ನಡೆದ ದುರಂತವೊಂದು ಜನರ ಬಾಯಲ್ಲಿ ಕಥೆಯಾಗಿ ಬೆಳೆಯಿತು. ಅದೇ ಊರಿನ ಹೆಸರು ಹೊತ್ತ ಲೇಖಕ ಮಧು ಮುಟ್ಟಂ ಅದರ ಎಳೆ ಹಿಡಿದು ಚಿತ್ರಕಥೆ ಬರೆದರು. ಫಾಝಿಲ್ ನಿರ್ದೇಶನದಲ್ಲಿ 1993ರ ಡಿಸೆಂಬರಿನಲ್ಲಿ ‘ಮಣಿಚಿತ್ರತ್ತಾಳ್’ ಬಂತು. ಹೆಸರಿನ ಅರ್ಥ ಚಿತ್ತಾರದ ಬೀಗ. ಪದ್ಮನಾಭಪುರಂ ಅರಮನೆ ಮತ್ತು ತ್ರಿಪ್ಪೂಣಿತ್ತುರದ ಹಿಲ್ ಪ್ಯಾಲೇಸಿನಲ್ಲಿ ಚಿತ್ರೀಕರಣ ನಡೆದಿತ್ತು. ಗಂಗಾ ಪಾತ್ರದ ಶೋಭನಾ ಅವರಿಗೆ ರಾಷ್ಟ್ರಪ್ರಶಸ್ತಿ ದೊರೆಯಿತು. ಅಲ್ಲಿ ನಾಗವಲ್ಲಿ ತಂಜಾವೂರಿನವಳು, ಆಡುವುದು ತಮಿಳು. ಕನ್ನಡಕ್ಕೆ ಬಂದಾಗ ತೆಲುಗಿನವಳಾದಳು. 2005ರಲ್ಲಿ ರಜನೀಕಾಂತ್ ಅವರ ‘ಚಂದ್ರಮುಖಿ’, 2007ರಲ್ಲಿ ಹಿಂದಿಯ ‘ಭೂಲ್ ಭುಲಯ್ಯಾ’. ಹಿಂದಿಗೆ ಹೋದವಳು ಬಂಗಾಳಿ ಮಾತಾಡಿದಳು. ಯಾವ ಸೀಮೆಗೆ ಹೋದರೂ ಈ ದೆವ್ವ ಪರಭಾಷೆಯದು. ಹೊರಗಿನಿಂದ ತಂದು, ಒಳಗೆ ಕೂಡಿಹಾಕಿ, ತನ್ನವರಾರೂ ಇಲ್ಲದಂತೆ ಸಾಯಿಸಿದ ಹೆಣ್ಣಿನ ದನಿ ಅದು.

ಸ್ವಾಮಿಯಿಂದ ಡಾಕ್ಟರವರೆಗೆ

ಕನ್ನಡದ ಪ್ರೇಕ್ಷಕರಿಗೆ ದೆವ್ವ ಹೊಸತಲ್ಲ. ಅದಕ್ಕೂ ಕಾಲು ಶತಮಾನ ಹಿಂದೆ, 1979ರಲ್ಲಿ, ‘ನಾ ನಿನ್ನ ಬಿಡಲಾರೆ’ ಬಂದಿತ್ತು. ಅನಂತನಾಗ್, ಲಕ್ಷ್ಮಿ ಜೋಡಿಯ ಆ ಚಿತ್ರದಲ್ಲಿ ಹೆಣ್ಣು ದೆವ್ವ ಸೇರಿಕೊಂಡದ್ದು ಗಂಡಸಿನ ಮೈಯನ್ನು. ಬಿಡಿಸಿದ್ದು ಮಂತ್ರಾಲಯದ ರಾಘವೇಂದ್ರ ಸ್ವಾಮಿಗಳ ಕೃಪೆ. ಅಲ್ಲಿ ದೆವ್ವ ನಿಜ, ದೇವರೂ ನಿಜ, ಲೆಕ್ಕ ಸರಿಹೋಯಿತು.

‘ಆಪ್ತಮಿತ್ರ’ದ ಲೆಕ್ಕ ಇಷ್ಟು ಸರಳವಾಗಿಲ್ಲ. ಇಲ್ಲಿ ಡಾಕ್ಟರರು ಹೇಳುವುದು ಬೇರೆ: ಗಂಗಾಳ ಮೈಯಲ್ಲಿ ಹೊರಗಿನವರು ಯಾರೂ ಹೊಕ್ಕಿಲ್ಲ. ಅವಳ ಮನಸ್ಸೇ ಎರಡಾಗಿದೆ. ಕೇಳಿದ ಕಥೆಯ ನಾಗವಲ್ಲಿಯನ್ನು ಒಂದು ಭಾಗ ತಾನೇ ಎಂದು ನಂಬಿಬಿಟ್ಟಿದೆ. ಇನ್ನೊಂದು ಭಾಗಕ್ಕೆ ಅದರ ಸುಳಿವೂ ಇಲ್ಲ. ಮಲಯಾಳದ ಮೂಲದಲ್ಲಿ ಇದಕ್ಕೆ ಬಾಲ್ಯದ ಕಾರಣವನ್ನೂ ಕೊಟ್ಟಿದ್ದಾರೆ. ತಂದೆ ತಾಯಿ ದೂರದ ಕಲ್ಕತ್ತೆಯಲ್ಲಿ, ಮಗು ಅಜ್ಜಿಯ ಬಳಿ, ಅಜ್ಜಿ ಹೇಳುವ ಕಥೆಗಳ ಲೋಕದಲ್ಲಿ. ವೈದ್ಯಶಾಸ್ತ್ರ ಇಂಥ ಸ್ಥಿತಿಯನ್ನು ಬಹುವ್ಯಕ್ತಿತ್ವ ಎಂದು ಕರೆಯುತ್ತಿತ್ತು. 1994ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಆ ಹೆಸರು ಬದಲಿಸಿ, ‘ನಾನು’ ಎಂಬ ಅರಿವೇ ಬಿರುಕು ಬಿಡುವ ಕಾಯಿಲೆ ಎಂಬರ್ಥದ ಹೊಸ ಹೆಸರಿಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಂತೂ ‘ಮೈಮೇಲೆ ಬರುವ’ ಸ್ಥಿತಿಗೆ ಪ್ರತ್ಯೇಕ ಸ್ಥಾನವೇ ಇದೆ. ಆದರೆ ಒಂದು ಎಚ್ಚರಿಕೆಯೊಂದಿಗೆ: ಧಾರ್ಮಿಕ ಆಚರಣೆಯ ಭಾಗವಾಗಿ, ಊರು ಒಪ್ಪಿದ ರೀತಿಯಲ್ಲಿ ಬರುವ ಆವೇಶ ಕಾಯಿಲೆಯಲ್ಲ. ತಾನಾಗಿ ಬೇಡದಿದ್ದರೂ ಬಂದು, ಬದುಕನ್ನೇ ಕೆಡಿಸಿದರೆ ಮಾತ್ರ ಅದು ಕಾಯಿಲೆ.

ಈ ಸೂಕ್ಷ್ಮವನ್ನು ಬಾದಾಮಿ ಸೀಮೆಯ ಹೆಣ್ಣುಮಕ್ಕಳಿಗೆ ಪುಸ್ತಕ ಓದಿ ತಿಳಿಸಬೇಕಾಗಿಲ್ಲ. ‘ಮೈಯಾಗ ತಾಯಿ ಬಂದಾಳ’ ಎಂದರೆ ಆರತಿ ತರುತ್ತಾರೆ, ಕಾಲು ಮುಟ್ಟುತ್ತಾರೆ, ಬರುವ ವರ್ಷದ ಮಳೆ ಬೆಳೆ ಕೇಳುತ್ತಾರೆ. ‘ಗಾಳಿ ಬಡದೈತಿ’ ಎಂದರೆ ಬೇವಿನ ಕಟ್ಟಿಗೆ ಹುಡುಕುತ್ತಾರೆ. ನಡುಗುವ ಮೈ ಒಂದೇ, ಬಿಚ್ಚಿದ ಕೂದಲು ಒಂದೇ. ಬಂದವರು ಯಾರೆಂಬ ತೀರ್ಪು ಮಾತ್ರ ಸುತ್ತ ನಿಂತವರದು. ಆ ತೀರ್ಪಿನ ಮೇಲೆ ಒಬ್ಬಳಿಗೆ ಹೂವು, ಇನ್ನೊಬ್ಬಳಿಗೆ ಹೊಡೆತ.

ಮದುವೆಯಾಗಿ ಬಂದ ವರ್ಷದೊಳಗೆ ಮಾತು ಬಿಟ್ಟವಳು, ಹೆರಿಗೆಯ ನಂತರ ಕೂಸನ್ನು ದೂರ ತಳ್ಳಿದವಳು, ಅತ್ತೆಯನ್ನು ಏಕವಚನದಲ್ಲಿ ಬೈದವಳು... ಹಳ್ಳಿಗಳಲ್ಲಿ ‘ಗಾಳಿ’ ಸೋಕುವುದು ಹೆಚ್ಚಾಗಿ ಇಂಥವರಿಗೇ. ಸೊಸೆಯಾಗಿ ಆಡಲಾಗದ ಮಾತನ್ನು ದೆವ್ವವಾಗಿ ಆಡಬಹುದು. ಹಾಗೆ ಆಡಿದ್ದಕ್ಕೆ ಬೆಲೆಯನ್ನೂ ತೆರಬೇಕು.

ಹಲಗೆ ಮಗುಚಿದಾಗ

‘ಆಪ್ತಮಿತ್ರ’ದ ಕೊನೆಯ ಭಾಗ ಕುತೂಹಲಕರವಾಗುವುದು ಇಲ್ಲಿಯೇ. ಡಾಕ್ಟರ್ ವಿಜಯ್ ನಾಗವಲ್ಲಿಯನ್ನು ಹೊಡೆಯುವುದಿಲ್ಲ, ಬೈಯುವುದಿಲ್ಲ, ‘ನೀನು ಸುಳ್ಳು’ ಎಂದು ವಾದಿಸುವುದೂ ಇಲ್ಲ. ಅವಳಿಗೆ ಬೇಕಾದದ್ದೇನು? ರಾಜನ ಮೇಲೆ ಸೇಡು. ಸರಿ, ತೀರಿಸಿಕೋ ಎನ್ನುತ್ತಾನೆ! ದುರ್ಗಾಷ್ಟಮಿಯ ರಾತ್ರಿ ಮಂಡಲ ಬರೆದು, ದೀಪ ಹಚ್ಚಿ, ಹೊಗೆ ಎಬ್ಬಿಸಿ, ರಾಜನ ಜಾಗದಲ್ಲಿ ಜೀವಂತ ಮನುಷ್ಯನನ್ನು ಇಡುತ್ತಾರೆ. ಅವಳ ಕಣ್ಣು ಒಂದು ಕ್ಷಣ ಮಂಜಾದಾಗ ಹಲಗೆ ಮಗುಚುತ್ತದೆ. ಮನುಷ್ಯ ಕೆಳಗೆ, ಬೊಂಬೆ ಮೇಲೆ. ನಾಗವಲ್ಲಿ ಬೊಂಬೆಯ ಮೇಲೆ ತನ್ನ ಹಗೆ ತೀರಿಸಿ ಶಾಂತಳಾಗುತ್ತಾಳೆ. ಅವಿನಾಶ್ ಅಭಿನಯಿಸಿದ ಆಚಾರ್ಯರು ಇದಕ್ಕೆಲ್ಲ ಡಾಕ್ಟರರ ಜೊತೆ ನಿಲ್ಲುತ್ತಾರೆ. ಮಂತ್ರವಾದಿಯೂ ಮನೋವೈದ್ಯನೂ ಒಂದೇ ರಂಗದ ಮೇಲೆ!

ಇದನ್ನು ನಗರದ ವಿಮರ್ಶಕರು ಮನೋವಿಜ್ಞಾನವೆಂದರು, ಕೆಲವರು ಮೂಢನಂಬಿಕೆ ಎಂದರು. ಬನಶಂಕರಿ ಜಾತ್ರೆಯ ಟೆಂಟಿನಲ್ಲಿ ಬೆಳೆದವನಿಗೆ ಇದರ ಗುರುತು ಬೇರೆಯೇ. ಇದು ಅಪ್ಪಟ ಕಂಪನಿ ನಾಟಕದ ‘ಟ್ರಿಕ್ ಸೀನು’. ಗುಬ್ಬಿ ವೀರಣ್ಣನವರು ‘ಕುರುಕ್ಷೇತ್ರ’ಕ್ಕೆ ರಂಗದ ಮೇಲೆ ನಿಜವಾದ ಆನೆ ಕುದುರೆಗಳನ್ನೇ ತಂದ ಕಾಲದಿಂದ ವೃತ್ತಿರಂಗಭೂಮಿ ಕಣ್ಣಿಗೆ ಮಂಕುಬೂದಿ ಎರಚುವ ವಿದ್ಯೆಯನ್ನು ಒಂದು ಶಾಸ್ತ್ರವನ್ನಾಗಿಯೇ ಬೆಳೆಸಿತು. ಪರದೆಯ ಹಿಂದೆ ಪರದೆ, ನೆಲದಲ್ಲಿ ಬಾಗಿಲು, ಹಗ್ಗದ ಮೇಲೆ ಹಾರುವ ನಾರದ, ಕತ್ತಿಯೇಟಿಗೆ ಉರುಳುವ ತಲೆ. ದೀಪ ಆರಿ ಹತ್ತುವಷ್ಟರಲ್ಲಿ ಎಲ್ಲ ಅದಲು ಬದಲು.

ಇದೇ ಸೀಮೆಯ ಕಂದಗಲ್ಲ ಹನುಮಂತರಾಯರು ಬರೆದ ‘ರಕ್ತರಾತ್ರಿ’ ಉತ್ತರ ಕರ್ನಾಟಕದ ರಂಗದ ಮೇಲೆ ದಶಕಗಳ ಕಾಲ ಮೆರೆದ ನಾಟಕ. ಅದರ ಹಿಂದಿರುವುದು ಮಹಾಭಾರತದ ಕೊನೆಯ ಇರುಳು. ಅಶ್ವತ್ಥಾಮ ಕತ್ತಲಲ್ಲಿ ಶಿಬಿರಕ್ಕೆ ನುಗ್ಗಿ ಮಲಗಿದ್ದವರನ್ನು ಕೊಲ್ಲುತ್ತಾನೆ. ಪಾಂಡವರ ತಲೆಗಳೆಂದು ತಿಳಿದು ಅವನು ತಂದವು ಅವರ ಮಕ್ಕಳ ತಲೆಗಳೆಂದು ಕನ್ನಡದ ಕಥೆಗಳು ಹೇಳುತ್ತವೆ. ಅಲ್ಲಿಯೂ ತಲೆ ಬದಲಾಗಿದೆ, ಅಲ್ಲಿಯೂ ಸೇಡು ತೀರಿತೆಂಬ ಭ್ರಮೆ. ಆದರೆ ಅಲ್ಲಿ ಬೊಂಬೆಯ ಬದಲು ಮಕ್ಕಳು ಸತ್ತರು. ಹಗೆ ಬೊಂಬೆಯ ಮೇಲೆ ತೀರಿದರೆ ನಾಟಕ, ಮನುಷ್ಯರ ಮೇಲೆ ತೀರಿದರೆ ಕುರುಕ್ಷೇತ್ರ. ಡಾಕ್ಟರ್ ವಿಜಯ್ ಮಾಡಿದ್ದು ಇಷ್ಟೇ: ಕುರುಕ್ಷೇತ್ರವನ್ನು ತಪ್ಪಿಸಿ ನಾಟಕ ಆಡಿಸಿದ.

ಬಾದಾಮಿಯ ಹಳೆಯ ಹೆಸರು ವಾತಾಪಿ. ಆ ಹೆಸರಿನ ರಾಕ್ಷಸ ಅತಿಥಿಗಳ ಹೊಟ್ಟೆ ಸೇರಿ, ಅಣ್ಣ ಇಲ್ವಲ ಕೂಗಿದಾಗ ಹೊಟ್ಟೆ ಬಗೆದು ಹೊರಬರುತ್ತಿದ್ದನಂತೆ. ಒಳಗೆ ಹೊಕ್ಕು ಕೊಲ್ಲುವ ಈ ಭೂತವನ್ನು ಅಗಸ್ತ್ಯ ಕತ್ತಿಯಿಂದ ಗೆಲ್ಲಲಿಲ್ಲ. ಹೊಟ್ಟೆ ಸವರಿಕೊಂಡು ಜೀರ್ಣಿಸಿಕೊಂಡ. ಅಗಸ್ತ್ಯತೀರ್ಥದ ನೀರಿನಲ್ಲಿ ಆ ಕಥೆ ಇನ್ನೂ ಇದೆ. ಮಗುವಿನ ಹೊಟ್ಟೆ ಸವರುತ್ತ ಅಜ್ಜಿಯರು ಆ ಮುನಿಯನ್ನು ನೆನೆಯುವುದೂ ಉಂಟು. ಒಳಗಿನ ಭೂತಕ್ಕೆ ಒಳಗೇ ಮದ್ದು ಎಂಬ ತಿಳಿವಳಿಕೆ ಈ ಮಣ್ಣಿಗೆ ಹಳೆಯದು.

ಶಾಪವೆಂಬ ಸುದ್ದಿ

ಚಿತ್ರ ತೆರೆ ಕಾಣುವ ಮೊದಲೇ ಒಂದು ನಿಜವಾದ ದುರಂತ ನಡೆದುಹೋಗಿತ್ತು. 2004ರ ಏಪ್ರಿಲ್ 17ರಂದು ಚುನಾವಣಾ ಪ್ರಚಾರಕ್ಕೆಂದು ಕರೀಂನಗರಕ್ಕೆ ಹೊರಟಿದ್ದ ಸಣ್ಣ ವಿಮಾನ ಬೆಂಗಳೂರಿನ ಜಕ್ಕೂರಿನಿಂದ ಮೇಲೆದ್ದ ಕೆಲವೇ ಕ್ಷಣಗಳಲ್ಲಿ ಬಿದ್ದು ಉರಿಯಿತು. ಸೌಂದರ್ಯ ಅದರಲ್ಲಿದ್ದರು. ನಾಲ್ಕು ತಿಂಗಳ ನಂತರ ಜನ ಚಿತ್ರಮಂದಿರದಲ್ಲಿ ಕಂಡದ್ದು, ಸತ್ತ ನರ್ತಕಿಯನ್ನು ಮೈಮೇಲೆ ತಂದುಕೊಂಡ ಹೆಣ್ಣಾಗಿ ಕುಣಿಯುತ್ತಿದ್ದ, ತಾನೇ ಇಲ್ಲವಾಗಿದ್ದ ನಟಿಯನ್ನು. ಆ ಹಾಡಿಗೆ ಬಿದ್ದ ಶಿಳ್ಳೆಯ ನಡುವೆ ಗಂಟಲು ಕಟ್ಟಿದವರು ಕಡಿಮೆ ಏನಲ್ಲ.

ಮುಂದಿನ ಭಾಗ ‘ಆಪ್ತರಕ್ಷಕ’, ವಿಷ್ಣುವರ್ಧನ್ ಅವರ 200ನೆಯ ಚಿತ್ರ. ನಾಗವಲ್ಲಿಯ ಚಿತ್ರಪಟ ಈ ಸಲ ಇನ್ನೊಂದು ಮನೆ ಹೊಕ್ಕಿತ್ತು. ಚಿತ್ರ ಬಿಡುಗಡೆಯಾದದ್ದು 2010ರ ಫೆಬ್ರುವರಿಯಲ್ಲಿ; ನಾಯಕ 2009ರ ಡಿಸೆಂಬರ್ 30ರಂದೇ ಮೈಸೂರಿನಲ್ಲಿ ಹೃದಯಾಘಾತದಿಂದ ಕಣ್ಮುಚ್ಚಿದ್ದರು. ಇಷ್ಟಾದದ್ದೇ ತಡ, ‘ನಾಗವಲ್ಲಿಯ ಶಾಪ’ ಎಂಬ ಮಾತು ಹಬ್ಬಿತು. ಪೂಜೆ, ಹೋಮಗಳ ಸುದ್ದಿಯೂ ಹಬ್ಬಿತು.

ಶಾಪಕ್ಕೆ ಲೆಕ್ಕ ಬರುವುದಿಲ್ಲ. ಹಾಗೆ ನೋಡಿದರೆ ನಾಗವಲ್ಲಿಯನ್ನು ಕನ್ನಡಕ್ಕೆ ತಂದ ದ್ವಾರಕೀಶ್ ಆ ನಂತರ ಸುಮಾರು ಇಪ್ಪತ್ತು ವರ್ಷ ಬಾಳಿ 2024ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಮಲಯಾಳದ ಮೊದಲ ಗಂಗಾ ಶೋಭನಾ ಇಂದಿಗೂ ಭರತನಾಟ್ಯ ಕಲಿಸುತ್ತಾರೆ. ತಮಿಳಿನ ‘ಚಂದ್ರಮುಖಿ’ ಚೆನ್ನೈನ ಒಂದೇ ಚಿತ್ರಮಂದಿರದಲ್ಲಿ 800ಕ್ಕೂ ಹೆಚ್ಚು ದಿನ ಓಡಿ ಹಣ ತಂದಿತು. ಒಂದು ವಿಮಾನ ಬಿತ್ತು, ಒಂದು ಹೃದಯ ನಿಂತಿತು. ನಮ್ಮ ಪ್ರೀತಿಯ ಇಬ್ಬರು ಹೋದರೆಂಬ ಸಂಕಟಕ್ಕೆ ಒಂದು ಹೆಸರು ಬೇಕಿತ್ತು. ಹೆಸರು ಸಿದ್ಧವಾಗಿಯೇ ಇತ್ತು. ಬದುಕಿದ್ದಾಗ ರಾಜನ ತಪ್ಪಿಗೆ ಸತ್ತ ನಾಗವಲ್ಲಿ, ಸತ್ತ ಮೇಲೂ ಊರವರ ತಪ್ಪು ಹೊರಬೇಕಾಯಿತು!

ತೆರೆ ಬಿದ್ದ ಮೇಲೆ

ಸಿನಿಮಾ ಮುಗಿದ ಮೇಲೆ ಗಂಗಾ ನಗುತ್ತ ಗಂಡನ ಕೈ ಹಿಡಿಯುತ್ತಾಳೆ. ಹೊರಗಿನ ಬದುಕಿನಲ್ಲಿ ಒಂದೇ ರಾತ್ರಿಯಲ್ಲಿ, ಒಂದೇ ಹಲಗೆ ಮಗುಚಿ ಯಾರ ಮನಸ್ಸೂ ವಾಸಿಯಾಗುವುದಿಲ್ಲ. ಮನೋವೈದ್ಯರು ಈ ಚಿತ್ರಗಳ ಬಗ್ಗೆ ಎತ್ತುವ ಮುಖ್ಯ ಆಕ್ಷೇಪವೂ ಇದೇ. ತಿಂಗಳುಗಟ್ಟಲೆ ಮಾತು, ಬೇಕಾದರೆ ಔಷಧ, ಎಲ್ಲಕ್ಕಿಂತ ಹೆಚ್ಚಾಗಿ ಹೊಡೆಯದೆ ಬೈಯದೆ ಕೇಳುವ ಕಿವಿ ಬೇಕು.

ಕೇಳುವ ಕಿವಿ ಹಳ್ಳಿಗೂ ತಲುಪಬೇಕೆಂಬ ಪ್ರಯೋಗ ದೇಶದಲ್ಲಿ ಗಟ್ಟಿಯಾಗಿ ನಡೆದದ್ದು ಕರ್ನಾಟಕದಲ್ಲೇ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಕಾರ್ಯಕರ್ತರಿಗೆ ಮನಸ್ಸಿನ ಕಾಯಿಲೆ ಗುರುತಿಸುವ ತರಬೇತಿ ಕೊಟ್ಟಿತು. ‘ಬಳ್ಳಾರಿ ಮಾದರಿ’ ಎಂದೇ ಹೆಸರಾದ ಅದು 1996ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವಾಯಿತು. ಬಾದಾಮಿ ಸೀಮೆಯವರಿಗೆ ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆ ದೂರವೇನಲ್ಲ. 2022ರಲ್ಲಿ ಆರಂಭವಾದ ‘ಟೆಲಿ ಮಾನಸ್’ ಸೇವೆಯ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಕಾನೂನೂ ಬಂದಿದೆ. ಕರ್ನಾಟಕದ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ತಡೆ ಕಾಯ್ದೆಯನ್ನು 2017ರಲ್ಲಿ ವಿಧಾನಮಂಡಲ ಒಪ್ಪಿತು. 2020ರ ಜನವರಿಯಲ್ಲಿ ಅದು ಜಾರಿಗೆ ಬಂತು. ದೆವ್ವ ಬಿಡಿಸುವ ನೆಪದಲ್ಲಿ ಹಗ್ಗ ಸರಪಳಿಯಿಂದ ಕಟ್ಟುವುದು, ಕೋಲು ಚಾವಟಿಯಿಂದ ಹೊಡೆಯುವುದು, ಮೆಣಸಿನಕಾಯಿಯ ಹೊಗೆ ಹಾಕುವುದು ಅಪರಾಧ. ಒಂದು ವರ್ಷದಿಂದ ಏಳು ವರ್ಷದವರೆಗೆ ಸೆರೆವಾಸ, ಜೊತೆಗೆ ದಂಡ. ಪಟ್ಟಿಯನ್ನು ಓದಿದರೆ ಮೈ ಜುಂ ಎನ್ನುತ್ತದೆ. ಯಾವ ಭಯಾನಕ ಚಿತ್ರದ ಲೇಖಕನೂ ಇಷ್ಟನ್ನು ಕಲ್ಪಿಸಿಕೊಳ್ಳಲಾರ. ಇವೆಲ್ಲ ಯಾರೋ ಯಾರಿಗೋ ಮಾಡಿದ್ದರಿಂದಲೇ ಕಾಯ್ದೆಯೊಳಗೆ ಬಂದವು. ಅಂಗಾತ ಮಲಗಿಸಿದ ಹೆಣ್ಣಿಗೂ ಕಾಯ್ದೆಯ ಪುಟಕ್ಕೂ ನಡುವಿನ ದಾರಿ ಮಾತ್ರ ಇನ್ನೂ ಉದ್ದವಿದೆ.

ಆ ದಾರಿಯನ್ನು ಸ್ವಲ್ಪವಾದರೂ ಗಿಡ್ಡ ಮಾಡಿದ್ದು ಇಂಥ ಒಂದು ಸಿನಿಮಾ ಎಂದರೆ ಅತಿಶಯೋಕ್ತಿಯಲ್ಲ. ದೆವ್ವ ಹಿಡಿದವಳ ಕಥೆಯ ಕೊನೆಯಲ್ಲಿ ಡಾಕ್ಟರು ಬರಬಹುದೆಂಬ ಒಂದು ಸಾಲನ್ನು ಅದು ಲಕ್ಷಾಂತರ ಮನೆಗಳಿಗೆ ಮುಟ್ಟಿಸಿತು. ಜೊತೆಗೆ ಆಚಾರ್ಯರನ್ನೂ ಇಟ್ಟುಕೊಂಡದ್ದರಿಂದಲೇ ಆ ಸಾಲು ಮನೆಯೊಳಗೆ ಬಂತೇನೋ!

ಚೊಳಚಗುಡ್ಡದ ಬನಶಂಕರಿಯ ಈಗಿನ ಗುಡಿಯನ್ನು 1750ರಲ್ಲಿ ಮರಾಠಾ ಸರದಾರ ಪರಶುರಾಮ ಆಗಳೆ ಕಟ್ಟಿಸಿದ್ದು. ಒಳಗೆ ಸಿಂಹದ ಮೇಲೆ ಕುಳಿತ ಎಂಟು ಕೈಗಳ ಕಪ್ಪು ಶಿಲೆಯ ತಾಯಿ, ಕಾಲಡಿಯಲ್ಲಿ ದೈತ್ಯ. ಆದರೆ ಜನ ಅವಳನ್ನು ನೆನೆಯುವುದು ಹೆಚ್ಚಾಗಿ ಶಾಕಂಬರಿಯೆಂದು. ಬರಗಾಲದಲ್ಲಿ ತನ್ನ ಮೈಯಿಂದಲೇ ಕಾಯಿಪಲ್ಲೆ ಬೆಳೆದು ಹಸಿದವರಿಗೆ ಉಣಿಸಿದವಳು. ತೇರಿಗೆ ಮುನ್ನ ಪಲ್ಲೇದ ಹಬ್ಬದಲ್ಲಿ ಅವಳಿಗೆ 108 ಬಗೆಯ ತರಕಾರಿಗಳ ನೈವೇದ್ಯ. ದೈತ್ಯನನ್ನು ತುಳಿದ ಕೈಗೇ ಉಣಿಸುವುದೂ ಗೊತ್ತು.

ಮುಂದಿನ ಬನದ ಹುಣ್ಣಿಮೆಗೆ ಗುಡಿಯ ಸುತ್ತ ಮತ್ತೆ ಟೆಂಟುಗಳು ಏಳುತ್ತವೆ. ಹಾರ್ಮೋನಿಯಂ ಮಾಸ್ತರ ಪೆಟ್ಟಿಗೆ ತೆರೆಯುತ್ತಾರೆ, ದೀಪ ಆರುತ್ತದೆ, ಕತ್ತಿ ಏಳುತ್ತದೆ, ಮುಂದಿನ ಸಾಲಿನ ಅಜ್ಜಿ ಬಾಯಿಗೆ ಸೆರಗು ಹಿಡಿಯುತ್ತಾಳೆ. ತಲೆ ಉರುಳುತ್ತದೆ. ಅದು ಬೊಂಬೆಯದೆಂದು ಅವಳಿಗೆ ಗೊತ್ತು. ಆದರೂ ಒಂದು ನಿಟ್ಟುಸಿರು ಬಿಡುತ್ತಾಳೆ. ಅಷ್ಟು ದಿನ ಒಳಗೆ ಕಟ್ಟಿಕೊಂಡಿದ್ದ ಯಾವುದೋ ಒಂದು ಆ ಉಸಿರಿನೊಂದಿಗೆ ಹೊರಗೆ ಹೋಗುತ್ತದೆ. ಮನೆಯಲ್ಲಿ ಮಾತು ಬಿಟ್ಟು ಮೂಲೆ ಹಿಡಿದ ಸೊಸೆಯನ್ನೂ ಮರುದಿನದ ಆಟಕ್ಕೆ ಜೊತೆಗೆ ಕರೆತಂದರೆ, ಅದರ ಮರುದಿನ ಧಾರವಾಡದ ಬಸ್ಸು ಹತ್ತಿಸಿದರೆ, ಬೇವಿನ ಕಟ್ಟಿಗೆ ಒಲೆಗಷ್ಟೇ ಬೇಕಾದೀತು.